ಗೋರಿಯ ಮೇಲಿನ ಭರಣಿಗೆ ನಿಮ್ಮ ಬೀಗ

ಮಾನ್ಯ ಪರಂಪರೆ ಸಂರಕ್ಷಣಾಧಿಕಾರಿಗಳೇ,

ನೀವು ಬೇಲಿ ಹಾಕಿ ಬೀಗ ಜಡಿಸಿದ ಹಳೆಯ ಕಲ್ಲುಗೋರಿಯ ಮೇಲೆ ನಮ್ಮ ಮನೆಯ ಸೋಯಾ ರಸದ ಭರಣಿ ಸಿಕ್ಕಿಕೊಂಡಿದೆ. ನಿಮ್ಮ ಬೇಲಿಯವರ ಕೈ ತಾಗಿ ಅದರ ಮುಚ್ಚಳ ಬಿರುಕು ಬಿಟ್ಟಿದೆ. ಮಳೆಗಾಲ ದಕ್ಷಿಣದ ಜೆಜು ದ್ವೀಪಕ್ಕೆ ಕಾಲಿಟ್ಟಾಗಿದೆ, ಇನ್ನೇನು ನಮ್ಮೂರಿಗೂ ಬರುತ್ತದೆ. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ತಾವು ಮಾತ್ರ ಕೂತಲ್ಲೇ ಇದ್ದೀರಿ.

ಆ ಕಲ್ಲಿನಡಿ ಇತಿಹಾಸಕ್ಕೂ ಹಿಂದಿನವರು ಯಾರೋ ಮಲಗಿದ್ದಾರೆಂದು ನಿಮ್ಮ ಫಲಕ ಹೇಳುತ್ತದೆ. ನಮಗೆ ಅದು ಹಿತ್ತಲ ಭರಣಿಕಟ್ಟೆ: ಎತ್ತರ, ಅಗಲ, ದಿನವಿಡೀ ಬಿಸಿಲು. ನನ್ನ ಅತ್ತೆ ಬಾಂಗ್ ಪಿಲ್-ನ್ಯೊ ಮದುವೆಯಾಗಿ ಬಂದಂದಿನಿಂದ ಅದನ್ನು ಗುಡಿಸಿದವರು. ಬಿಸಿಲಿಗೆ ಮುಚ್ಚಳ ತೆಗೆದು, ಮೋಡ ಕಂಡರೆ ಓಡಿಹೋಗಿ ಮುಚ್ಚಿದವರು. ಹಿತ್ತಲಲ್ಲಿ ಊಟಕ್ಕೆ ಕೂತರೆ ಮೊದಲ ತುತ್ತನ್ನು ಕಲ್ಲಿನ ಬುಡಕ್ಕೆ ಎಸೆದು, "ತಗೋ ಅಜ್ಜಾ, ನಿಂಗೇ ಮೊದ್ಲು" ಎನ್ನುತ್ತಿದ್ದರು. ನಿಮ್ಮ ಕಡತದಲ್ಲಿ ಇದರ ಹೆಸರು ಅತಿಕ್ರಮಣ. ಈಗ ಕಲ್ಲಿನ ಮೇಲೆ ಕಾಡುಬಳ್ಳಿ, ಕೆಳಗೆ ಹಾವಿನ ಪೊರೆ, ಯಾರೋ ಕುಡಿದೆಸೆದ ಸೋಜು ಬಾಟಲಿ. ಇದರ ಹೆಸರು ಸಂರಕ್ಷಣೆ. ಭಲೇ!

ಭರಣಿಗಳನ್ನು ತೆಗೆಯಿರಿ ಎಂದಿರಿ, ಸಣ್ಣವನ್ನೆಲ್ಲ ತೆಗೆದೆವು. ದೊಡ್ಡದು ಹಾಗಲ್ಲ. ಪ್ರತಿವರ್ಷದ ಹೊಸ ರಸಕ್ಕೆ ಅದರಿಂದಲೇ ಒಂದು ಸೌಟು ಹೆಪ್ಪು. ದೆವ್ವಗಳು ಓಡಾಡದ ಒಳ್ಳೆಯ ದಿನ ನೋಡಿಯೇ ಅದನ್ನು ಕದಲಿಸಬೇಕು. ನಾವು ಆ ದಿನಕ್ಕೆ ಕಾದೆವು, ನಿಮ್ಮವರು ಕಾಯಲಿಲ್ಲ. ಬೇಲಿ ಬಂತು, ಹಿಂದೆಯೇ ಭರಣಿಯ ಹೊಟ್ಟೆಗೆ ಒಂದು ನಂಬರೂ ಬಂತು. ಫೋನ್ ಮಾಡಿದರೆ ನಿಮ್ಮ ಗುಮಾಸ್ತರು, "ಅಜ್ಜೀ, ಅದು ಗೋರಿಗೆ ಸೇರಿದ ವಸ್ತು ಅಂತ ದಾಖಲಾಗಿದೆ. ಇನ್ನು ಮುಟ್ಟೋ ಹಾಗಿಲ್ಲ" ಎಂದರು. ಸ್ವಾಮೀ, ಅದು ನನ್ನ ಮಾವ ಸಂತೆಯಲ್ಲಿ ಚೌಕಾಸಿ ಮಾಡಿ ಬೆನ್ನ ಮೇಲೆ ಹೊತ್ತು ತಂದ ಭರಣಿ! ಬೀಗದ ಕೈ ಕೇಳಿದರೆ ಕಚೇರಿಯವರು ಗುತ್ತಿಗೆದಾರನನ್ನು ತೋರಿಸುತ್ತಾರೆ, ಅವನು ಕಚೇರಿಯನ್ನು.

ಸೊಂಟ ಮುರಿದು ಮಲಗಿರುವ ಅತ್ತೆ ದಿನಾ ಬೆಳಿಗ್ಗೆ, ಮುಚ್ಚಳ ತೆಗೆದೆಯಾ ಎಂದು ಕೇಳುತ್ತಾರೆ. ಹೂಂ ಎನ್ನುತ್ತೇನೆ. ನಿನ್ನೆ ನನ್ನ ಕೈ ಹಿಡಿದು ಮೂಸಿದರು, ರಸದ ವಾಸನೆಯೇ ಇರಲಿಲ್ಲ.

"ಸುಳ್ಳು ಯಾಕೆ ಹೇಳ್ತೀಯೇ? ನಾನು ಸತ್ರೆ ಎಲ್ಲಾದ್ರೂ ಹೂಳಿ. ಅದರೊಳಗೆ ಮಳೆನೀರು ಮಾತ್ರ ಬೀಳಬಾರ್ದು."

ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಆದ್ದರಿಂದ ಮಳೆಗೆ ಮೊದಲು ಬೀಗ ತೆಗೆಸಿ. ಕಲ್ಲನ್ನು ಕಾಯುವ ಆಸೆ ನಿಜವಾಗಿದ್ದರೆ ಬೀಗದ ಕೈ ನಮಗೆ ಕೊಡಿ, ಪೊರಕೆ ನಮ್ಮಲ್ಲೇ ಇದೆ. ಇಲ್ಲವಾದರೆ ಮೊದಲ ಹನಿ ಬೀಳುವಾಗ ನಾನು ಬೇಲಿಯೊಳಗೆ, ಭರಣಿಯ ಮೇಲೆ ಕೊಡೆ ಹಿಡಿದು ನಿಂತಿರುತ್ತೇನೆ. ಬರುವಾಗ ನನಗೂ ಒಂದು ನಂಬರ್ ತನ್ನಿ.

ಇಂತಿ,
ಬೇಲಿ ಹತ್ತುವ ವಯಸ್ಸು ಮೀರಿದ ಸೊಸೆ,
ಮಾ ಸುನ್-ಆಕ್