ಹಿಂದಿನ ಎಡಚಕ್ರ

ಮಾರ್ಚ್ 4, ಬೆಳಿಗ್ಗೆ

ಶಟರ್ ಎತ್ತಿದ್ದು, ಕಸ ಗುಡಿಸಿದ್ದು, ಹಾಸಿಗೆಗಳ ಮೇಲಿನ ಪ್ಲಾಸ್ಟಿಕ್ ಒರೆಸಿದ್ದು — ಎಲ್ಲ ಆಯಿತು. ಅಣ್ಣ ಇನ್ನೂ ಅಂಗಡಿಗೆ ಬಂದಿಲ್ಲ. ಅಪ್ಪ ಪೇಪರ್ ಓದುತ್ತಿದ್ದಾರೆ. ಪಿಕಪ್ ಗಾಡಿ ಅಂಗಡಿಯ ಹಿಂದೆ ನಿಂತಿದೆ, ಎಡಬದಿ ಗೋಡೆಗೆ ತಾಗಿಕೊಂಡು. ಹಾಗೆ ನಿಲ್ಲಿಸಿದವಳು ನಾನೇ.

ನಿನ್ನೆ ಮಧ್ಯಾಹ್ನ ಅಪ್ಪ ಮಲಗಿದ್ದಾಗ ಕೀ ತೆಗೆದುಕೊಂಡು ಹೋದೆ. ಓಡಿಸುವುದನ್ನು ಕದ್ದು ಕಲಿಸಿದವರು ಅಪ್ಪನೇ. ಅಣ್ಣನಿಗೆ ಗೊತ್ತಿಲ್ಲ. ಒಂದು ಸುತ್ತು ಹೊಡೆದು ಬಂದೆ, ಚೆನ್ನಾಗಿಯೇ. ಗೇಟಿನಲ್ಲಿ ರಿವರ್ಸ್ ತೆಗೆಯುವಾಗ ಕರ್ ಎಂಬ ಶಬ್ದ. ಹಿಂದಿನ ಎಡಚಕ್ರದ ಮೇಲೆ ತಗಡು ಅಂಗೈ ಅಗಲ ಒಳಗೆ ಹೋಗಿದೆ.

ಮನೆ ಮನೆಗೆ ಹಾಸಿಗೆ ತಲುಪಿಸುವುದೊಂದೇ ಈಗ ಅಪ್ಪನಿಗಿರುವ ಕೆಲಸ. ಕಣ್ಣಿನ ಆಪರೇಷನ್ ಆದಂದಿನಿಂದ ಅಣ್ಣ ಗಾಡಿ ಓಡಿಸುವುದು ನಿಲ್ಲಿಸಿ ಎಂದು ಬೆನ್ನು ಬಿದ್ದಿದ್ದಾನೆ. "ಒಂದು ಗೀರು ಬೀಳಲಿ, ಆವತ್ತೇ ಕೀ ನಿನ್ನ ಕೈಗೆ" ಎಂದು ಅಪ್ಪ ಮಾತು ಕೊಟ್ಟಿದ್ದಾರೆ.

ಸಂಜೆ ಹೇಳಿಬಿಡುತ್ತೇನೆ.

ಮಾರ್ಚ್ 5

ಹೇಳಲಿಲ್ಲ. ಈ ವಾರ ತಲುಪಿಸಬೇಕಾದ ಹಾಸಿಗೆ ಇಲ್ಲ, ಸದ್ಯ ಗಾಡಿ ಗೋಡೆ ಬಿಟ್ಟು ಕದಲುವುದಿಲ್ಲ. ಉಪಾಯ ಹೊಳೆದಿದೆ. ಫೆಂಡರ್ ಫ್ಲೇರ್! ಚಕ್ರದ ಮೇಲಿನ ತಗಡಿಗೆ ಕೂರಿಸುವ ಕಪ್ಪು ಅಂಚು. ಅಪ್ಪ ಫೋನಿನಲ್ಲಿ ಅದರ ಚಿತ್ರ ತೋರಿಸಿ ಎಷ್ಟು ಸಲ ಆಸೆಪಟ್ಟಿದ್ದರು. ಉಡುಗೊರೆಯೂ ಆಯಿತು, ಡೆಂಟೂ ಮುಚ್ಚಿತು. ಎಂಥ ಬುದ್ಧಿ ನನ್ನದು.

ಆಕ್ಸೆಸರಿ ಅಂಗಡಿಯಲ್ಲಿ ಒಂದೊಂದನ್ನೇ ಕೈಗೆತ್ತಿ ಅಂಗೈಯಿಂದ ಅಳೆದೆ. ತೆಳ್ಳಗಿನದು ಸಾಲದು, ಡೆಂಟ್ ಇಣುಕುತ್ತದೆ. ದಪ್ಪ ಬೋಲ್ಟಿನದು ಚೆಂದ... ಆದರೆ ತೂತು ಹೊಡೆಯಬೇಕು, ಅಂಗಡಿಯವರೇ ಕೂರಿಸಬೇಕು, ಡೆಂಟ್ ನೋಡಿಬಿಡುತ್ತಾರೆ. ಕೊನೆಗೆ ಟೇಪಿನಲ್ಲಿ ಅಂಟಿಸುವ ಅಗಲದ್ದು ತೆಗೆದುಕೊಂಡೆ. "ಎರಡೂ ಕಡೆ ಎರಡೆರಡು ಬೆರಳು ಗಾಡಿ ಅಗಲ ಆಗುತ್ತೆ ಮೇಡಂ. ಓಡಿಸೋರಿಗೆ ಹೇಳ್ಬಿಡಿ" ಎಂದ ಅಂಗಡಿಯವನು. ಹೂಂ ಅಂದೆ. ಗಮನವೆಲ್ಲ ಡೆಂಟಿನ ಮೇಲಿತ್ತು.

ಮಾರ್ಚ್ 8, ಭಾನುವಾರ

ಅಂಗಡಿ ರಜಾ. ಬೆಳಿಗ್ಗೆಯೇ ಶುರು ಮಾಡಿದೆ. ತಗಡು ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿ, ಒಣಗಲು ಬಿಟ್ಟು, ಟೇಪಿನ ಸಿಪ್ಪೆ ಸುಲಿದು, ಒತ್ತಿ ಹಿಡಿಯುವುದು. ಮೂರು ಗಪ್ಪನೆ ಕೂತವು. ಹಿಂದಿನ ಎಡಗಡೆಯದು ಜಪ್ಪಯ್ಯ ಅಂದರೂ ಕೂರುವುದಿಲ್ಲ. ತಗಡು ಒಳಗೆ ಹೋಗಿದೆ, ಟೇಪಿಗೆ ಹಿಡಿಯಲು ಏನೂ ಸಿಗುತ್ತಿಲ್ಲ.

ಅಂಗಡಿಯೊಳಗೆ ಹೋಗಿ ಸ್ಯಾಂಪಲ್ ಹಾಸಿಗೆಯಿಂದ ಒಂದು ತುಂಡು ಗುಲಾಬಿ ಸ್ಪಂಜು ಕತ್ತರಿಸಿ ತಂದೆ. ಗಮ್ ಹಾಕಿ ಗುಂಡಿಗೆ ತುಂಬಿದೆ. ಮೇಲೆ ಫ್ಲೇರ್. ಕೂತಿತು.

ಅಪ್ಪ ಬಂದು ಗಾಡಿಯ ಸುತ್ತ ಎರಡು ಸಲ ತಿರುಗಿದರು. "ಹುಬ್ಬು ತೀಡಿದ ಹಾಗಿದೆಯಲ್ಲೇ ಪುಟ್ಟಿ!" ಅತ್ತಿಗೆ ಫೋಟೋ ತೆಗೆದರು. "ಮಾವನ ಮುಖಕ್ಕೆ ಮದುಮಗನ ಕಳೆ ಬಂದುಬಿಟ್ಟಿದೆ ನೋಡಿ." ಎಲ್ಲರೂ ನಕ್ಕರು. ನಾನೂ ನಕ್ಕೆ. ನಾಚಿಕೆಯಾಯಿತು.

ಟೇಪ್ ಹಿಡಿಯಬೇಕು, ನಾಳೆಯವರೆಗೆ ಓಡಿಸಬೇಡಿ ಎಂದೆ. ಇದನ್ನು ಮರೆಯದೆ ಹೇಳಿದೆ.

ಮಾರ್ಚ್ 13

ಬಂದ ಗಿರಾಕಿಗಳನ್ನೆಲ್ಲ ಅಪ್ಪ ಹಿಂದಕ್ಕೆ ಕರೆದುಕೊಂಡು ಹೋಗುತ್ತಿದ್ದಾರೆ. "ಮಗಳು ಕೊಡಿಸಿದ್ದು. ತಾನೇ ಕೂರಿಸಿದ್ದು." ಹಾಸಿಗೆ ನೋಡಲು ಬಂದವರು ಚಕ್ರ ನೋಡಿ ಹೋಗುತ್ತಾರೆ. ನಾನು ಬಿಲ್ ಹರಿಯುತ್ತಾ ತಲೆ ಎತ್ತುವುದಿಲ್ಲ.

ಮಾರ್ಚ್ 19, ಸಂಜೆ

ಅದೇ ಶಬ್ದ. ಅದೇ ಗೇಟು.

ಅಪ್ಪ ಕಣ್ಣು ಮುಚ್ಚಿಕೊಂಡೂ ದಾಟಿಸುತ್ತಿದ್ದ ಗೇಟು ಅದು. ಕಂಬಕ್ಕೂ ಗಾಡಿಗೂ ಎಷ್ಟು ಸಂದಿ ಎಂಬುದು ಅವರ ಮೈಗೇ ಗೊತ್ತಿತ್ತು. ಆ ಸಂದಿಯನ್ನು ನಾನು ಕಿರಿದು ಮಾಡಿದ್ದೆ. ಎರಡು ಬೆರಳು... ಹೇಳಿರಲಿಲ್ಲ.

ಹೊರಗೆ ಓಡಿದಾಗ ಫ್ಲೇರ್ ಕಿತ್ತು ನೆಲಕ್ಕೆ ಬಿದ್ದಿತ್ತು. ಅಪ್ಪ ಆಗಲೇ ಇಳಿದು ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಅಣ್ಣ ಡೆಂಟ್ ನೋಡಿ ಬೆಳ್ಳಗಾದ. "ಎಷ್ಟು ಒಳಗೆ ಹೋಗಿದೆ ನೋಡಿ ಅಪ್ಪಾ! ಆ ಜಾಗದಲ್ಲಿ ಯಾರಾದ್ರೂ ನಿಂತಿದ್ದಿದ್ರೆ?" ಬೈಗುಳವಲ್ಲ ಅದು, ಭಯ.

"ನಂದೇ ತಪ್ಪು ಕಣೋ. ಕಣ್ಣು ಮೋಸ ಮಾಡ್ತು." ಕೀ ತೆಗೆದು ಅಣ್ಣನ ಕೈಗಿಟ್ಟರು.

ಫ್ಲೇರ್ ಹಿಡಿದುಕೊಂಡು ನಿಂತೆ. ಡೆಂಟಿನೊಳಗೆ ಸ್ಪಂಜು ಇರಲಿಲ್ಲ. ಎಲ್ಲೋ ಹಾರಿಹೋಗಿರಬೇಕು. ಸದ್ಯ, ಯಾರಿಗೂ ಕಾಣಲಿಲ್ಲ ಅನ್ನಿಸಿತು. ಥೂ ನನ್ನ ಜನ್ಮಕ್ಕೆ.

ಮಾರ್ಚ್ 22

ಅಪ್ಪ ಅಂಗಡಿಯಲ್ಲಿ ಹಾಸಿಗೆಯ ತುದಿಗೆ ಕೂತಿರುತ್ತಾರೆ, ಗಿರಾಕಿಯ ಹಾಗೆ. ಒಂದು ಕಣ್ಣು ಮುಚ್ಚಿ ಎದುರಿನ ಬೋರ್ಡ್ ಓದುತ್ತಾರೆ. ಆಮೇಲೆ ಇನ್ನೊಂದು ಕಣ್ಣು.

ಅಣ್ಣ ಗಾಡಿ ಮಾರುತ್ತಾನಂತೆ. ನೋಡಲು ಜನ ಬರುತ್ತಾರಂತೆ.

ಮಾರ್ಚ್ 24, ಬೆಳಿಗ್ಗೆ

ಬಟ್ಟೆ ನೆನೆಹಾಕುತ್ತಿದ್ದೆ. ಅಪ್ಪನ ಆವತ್ತಿನ ಅಂಗಿಯ ಜೇಬಿನಲ್ಲಿ ಸ್ಪಂಜು. ಗುಲಾಬಿ ಬಣ್ಣದ್ದು. ಒಂದು ಕಡೆ ಗಮ್, ಅದಕ್ಕೆ ಅಂಟಿದ ಗಾಡಿಯ ಬಣ್ಣದ ಚೂರು.

ಅಣ್ಣ ಬರುವ ಮೊದಲೇ ಕಿತ್ತು ಜೇಬಿಗೆ ಹಾಕಿಕೊಂಡಿದ್ದಾರೆ. ಡೆಂಟ್ ನನ್ನದು ಎಂದು ಗೊತ್ತಿದ್ದೂ ಕೀ ಕೊಟ್ಟಿದ್ದಾರೆ.

ಒದ್ದೆ ಕೈಯಲ್ಲೇ ತೆಗೆದುಕೊಂಡು ಹೋದೆ. "ಅಪ್ಪಾ, ಇದು..."

"ಅಣ್ಣನಿಗೆ ಹೇಳ್ಬೇಡ. ಹೇಳಿದ್ರೆ ನಿನ್ನನ್ನೂ ಗಾಡಿ ಮುಟ್ಟೋಕೆ ಬಿಡಲ್ಲ" ಎಂದರು. ಸ್ಪಂಜನ್ನು ನನ್ನ ಕೈಯೊಳಗೇ ಮಡಿಸಿ, "ಡೆಂಟ್ ಹೋಗ್ಲಿ ಬಿಡು. ಕಂಬಕ್ಕೆ ತಾಗಿಸಿದ್ದು ನಾನೇ ತಾನೇ? ನಿಜ ಹೇಳು ಪುಟ್ಟಿ, ನನ್ನ ಕಣ್ಣು ಹೋಗ್ತಾ ಇದೆಯೇನೇ?"

ಡೆಂಟ್ ಗೊತ್ತು. ಫ್ಲೇರ್‌ನಿಂದ ಗಾಡಿ ಎರಡು ಬೆರಳು ಅಗಲವಾದದ್ದು ಗೊತ್ತಿಲ್ಲ ಅವರಿಗೆ. ಇಷ್ಟು ದಿನ ತಮ್ಮ ಕಣ್ಣನ್ನೇ ಅನುಮಾನಿಸುತ್ತಾ ಕೂತಿದ್ದಾರೆ.

"ಕಣ್ಣು ಸರಿ ಇದೆ ಅಪ್ಪಾ" ಎಂದೆ. ಅಷ್ಟೇ ಆಯಿತು. ಅಳು ಬಂದು ಮೇಲೆ ಓಡಿ ಬಂದೆ. ಉಳಿದದ್ದನ್ನು ಅಣ್ಣನ ಎದುರಿಗೇ ಹೇಳಬೇಕು. ನನ್ನನ್ನು ಗಾಡಿ ಮುಟ್ಟಲು ಬಿಡದಿದ್ದರೆ ಬಿಡದೇ ಹೋಗಲಿ.

ಕೆಳಗೆ ಸ್ಕೂಟರ್ ನಿಂತ ಸದ್ದು. ಅಣ್ಣ ಯಾರಿಗೋ ಗಾಡಿ ತೋರಿಸುತ್ತಿದ್ದಾನೆ. "ನಮ್ಮ ಅಪ್ಪನಿಗೆ ಕಣ್ಣು ಕಾಣಲ್ಲ, ಅದಕ್ಕೇ ಮಾರ್ತಿರೋದು" ಎನ್ನುತ್ತಿದ್ದಾನೆ. ಅಪ್ಪನೂ ಅಲ್ಲೇ ನಿಂತಿದ್ದಾರೆ.

ಹೊರಟೆ. ಸ್ಪಂಜು ಕೈಯಲ್ಲೇ ಇದೆ. ಮೊದಲು ಆ ಎರಡು ಬೆರಳಿನ ವಿಷಯ ಹೇಳಬೇಕು, ಆಮೇಲೆ —