ಗಬ್ಬದ ಹಸುವಿಗೆ ಬಾವಿನೀರು

ಅವಿನಾಶಿ, ಭಾನುವಾರ

ಪರಮಪೂಜ್ಯ ಅತ್ತಿಗೆಯವರ ಪಾದಗಳಿಗೆ,

ಅಂತರ್ಜಲದ ರಸಾಯನವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು ಕಲಿಯುತ್ತಿದ್ದೇನೆ, ಲೋಕ ಎಚ್ಚರವಾಗಿರಲಿ. ನಾನು ಬಾಡಿಗೆಗಿರುವ ಮನೆಯ ಒಡತಿ, ಮನೆಯಲ್ಲಿ ಕನ್ನಡವಾಡುವ ಕಮಲಾತಾಳ್, ತಮ್ಮ ಬಾವಿನೀರನ್ನು ಗಬ್ಬದ ಹಸುವಿಗೆ ಕುಡಿಸಬಹುದೇ ಎಂದು ಕೇಳಿದರು. ಆ ನೀರಿನ ಪ್ರಯೋಗಾಲಯದ ಅಂಕಿಗಳನ್ನು ತುಂಬುವಾಗ ಮಿಲಿಗ್ರಾಂ ಬದಲು ಗ್ರಾಂ ಎಂದು ಒತ್ತಿಬಿಟ್ಟೆ. ಆ ಲೆಕ್ಕದಂತೆ ಬಾವಿಯ ತುಂಬ ಸುಣ್ಣದ ಕಲ್ಲು! ಗಂಭೀರವಾಗಿ ಹಾಗೆಯೇ ಸಾರಿದೆ.

"ಕಲ್ಲಾ ಕಣ್ಣು? ಹಂಗಾದ್ರೆ ಮೋಟಾರು ಏನ ಎಳೀತದೆ?" ಎಂದರು. ('ಕಣ್ಣು' ಎಂದರೆ ನಾನೇ; ಇಲ್ಲಿ ಮುದ್ದಿಗೆ ಹಾಗೆ ಕರೆಯುತ್ತಾರೆ.)

ತಿದ್ದಿದೆ. ಈಗ ನೀರೇ ಬರುತ್ತಿದೆ, ಆದರೆ ಲವಣಗಳ ಲೆಕ್ಕ ತಾಳೆಯಾಗುತ್ತಿಲ್ಲ. ಏಕೆಂದು ನನಗೂ ತಿಳಿಯದು, ಇದನ್ನು ಕಲಿಸುವ ಮೇಷ್ಟ್ರಿಗೂ ತಿಳಿಯದು. ತಮಾಷೆ ಬಿಟ್ಟು, "ಗೊತ್ತಿಲ್ಲ ಅಮ್ಮಾ, ಸದ್ಯಕ್ಕೆ ಕುಡಿಸಬೇಡಿ" ಎಂದೆ.

"ಸರಿ, ಗೊತ್ತಾಗೋ ತನಕ ಬೀದಿ ನಲ್ಲೀಲಿ ನೀನೇ ಹಿಡ್ದು ತಾ" ಎಂದು ಕೊಡ ಕೈಗಿತ್ತರು.

ಆರೋಗ್ಯ ಚೆನ್ನಾಗಿದೆ, ಭುಜ ಮಾತ್ರ ನೋಯುತ್ತಿದೆ. ಹಸು ಎಷ್ಟು ಕುಡಿಯುತ್ತದೆ ಅತ್ತಿಗೆ!

ನಲ್ಲಿ ಬಂತಂತೆ, ಹೊರಟೆ.

ನಿಮ್ಮ ಮೈದುನ ಮಂಜೇಶ್