ಕುರಿಹಿಂಡಿನ ಹಿಂದೆ

ಮಲ್ಲಿಕಾ,

ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ನಿನಗೆ ಕಳಿಸುವ ಮುಖ ನನಗಿಲ್ಲ.

ಎಡಮೊಣಕಾಲು ನೋವೆಂದು ನಿನ್ನೆ ಶಿಗ್ಗಾಂವಿಗೆ ಹಳೇ ಕಾರೊಂದನ್ನು ನೋಡಲು ಹೋಗಿದ್ದೆ. ಎಡಗಾಲಿಗೆ ಕೆಲಸವಿಲ್ಲದ, ತಾನೇ ಗೇರು ಬದಲಿಸಿಕೊಳ್ಳುವ ಎರಡು ಕ್ಲಚ್ಚಿನ ಆಟೊಮ್ಯಾಟಿಕ್, ನಾನು ನಿನಗೆ ಮಾರಿದಂಥದ್ದೇ. ಮಾಲೀಕ ಮಹಾಲಿಂಗಪ್ಪ ಪಕ್ಕದಲ್ಲಿ ಕೂತು ಹೈವೇಗೆ ದಾರಿ ತೋರಿಸಿದ. ಅಲ್ಲಿ ಗೇರು ಬದಲಾದದ್ದೇ ಗೊತ್ತಾಗಲಿಲ್ಲ. ಆಮೇಲೆ ನಾನೇ ಹುಲಗೂರು ರಸ್ತೆಗೆ ತಿರುಗಿಸಿದೆ. ಮುಂದೆ ಕುರಿಹಿಂಡು ಹೋಗುತ್ತಿತ್ತು.

"ಹಾರ್ನ್ ಹೊಡೀರಿ ಅಕ್ಕಾರ, ದಾರಿ ಬಿಡ್ತಾರ," ಎಂದ.

"ಇರ್ಲಿ ಬಿಡ್ರಿ, ನನಗೇನ್ ಅವಸರ ಇಲ್ಲ."

ನಿಲ್ಲುತ್ತ, ತೆವಳುತ್ತ ಹಿಂಡಿನ ಹಿಂದೆಯೇ ಹದಿನೈದು ನಿಮಿಷ ಹೋದೆ. ಕ್ಲಚ್ಚು ಕಾದಮೇಲೆ, ಬ್ರೇಕ್ ಬಿಟ್ಟಾಗಲೆಲ್ಲ ಗಾಡಿ ಗಡಗಡ ನಡುಗತೊಡಗಿತು. ಮಹಾಲಿಂಗಪ್ಪ ರೇಡಿಯೊದ ಹಾಡಿನ ದನಿ ಏರಿಸಿದ.

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನನ್ನ ಗಾಡಿ ಕೊಳ್ಳಲು ಬಂದ ದಿನ ಬೈಪಾಸಿನಲ್ಲಿ ಓಡಿಸಿ ನೋಡಿದ ಮೇಲೆ, "ಸವಣೂರು ಪ್ಯಾಟಿಯೊಳಗೂ ಒಂದ್ ಸುತ್ತು ಹಾಕೋಣೇನು?" ಎಂದು ನೀನು ಕೇಳಿದ್ದೆ. "ಸಂತಿ ಗದ್ದಲ ಐತಿ, ಬ್ಯಾಡ ಬಿಡವಾ," ಎಂದವಳು ನಾನು.

ಶಿಗ್ಗಾಂವಿಗೆ ಮರಳಿ ಗಾಡಿ ಬೇಡವೆಂದಾಗ ಮಹಾಲಿಂಗಪ್ಪ, "ಯಾಕ್ರಿ ಅಕ್ಕಾರ?" ಎಂದ. ಕೀಲಿ ಅವನ ಕೈಗಿಟ್ಟು ಬಸ್ಸು ಹತ್ತಿದೆ.

ಗಾಡಿ ಒಯ್ದ ತಿಂಗಳಿಗೆ ನೀನು ನಮ್ಮ ಗೇಟಿನ ಮುಂದೆ ನಿಂತು ಮೂರು ಸಲ ಹಾರ್ನ್ ಹೊಡೆದೆಯಲ್ಲ, ಆ ದಿನ ನಾನು ಊರಲ್ಲೇ ಇರಲಿಲ್ಲ ಎಂದು ನಿನಗೆ ಹೇಳಿದ್ದೆ. ಇದ್ದೆ, ಮಲ್ಲಿಕಾ. ನಿನ್ನ ಗಾಡಿ ನಡುಗುತ್ತ ಓಣಿ ದಾಟುವವರೆಗೂ ಪರದೆಯ ಹಿಂದೆಯೇ ನಿಂತಿದ್ದೆ.